ಮಡಿಚುವ ಊದುಗೊಳವೆ

ಮನುಷ್ಯ ಯಾವ ವಯಸ್ಸಿನಲ್ಲಿ ಯಾವ ಪದಾರ್ಥಕ್ಕಾಗಿ ಅಂಗಡಿಯ ಮೆಟ್ಟಿಲು ಹತ್ತುತ್ತಾನೆಂದು ಹೇಳುವ ಹಾಗಿಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಉಸಿರಾಡುವ ಕೊಳವೆಯೊಂದಕ್ಕಾಗಿ ಮೂರು ಅಂಗಡಿ ಸುತ್ತಿದೆ. ಮನೆಗೆ ತಂದಾಗ ಅಮ್ಮ ತಿರುಗಿಸಿ ಮುರುಗಿಸಿ ನೋಡಿ, "ಇದೇನೋ, ಊದುಗೊಳವೆ! ಸೌದೆ ಒಲೆಯೇ ಇಲ್ಲದ ಮನೆಗೆ ಯಾಕೆ ತಂದೆ?" ಎಂದಳು.

ಇದರ ಹೆಸರು ಸ್ನಾರ್ಕೆಲ್. ಮುಖವನ್ನು ನೀರಿನಲ್ಲಿಟ್ಟು ತೇಲುವವರು ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ. ಆನೆಯ ಸೊಂಡಿಲನ್ನು ಅರಿಸ್ಟಾಟಲನು ಮುಳುಗುಗಾರರ ಉಸಿರಿನ ಸಾಧನಕ್ಕೆ ಹೋಲಿಸಿದ್ದಾನೆಂದ ಮೇಲೆ ಇದರ ವಂಶ ಹಳೆಯದೇ. ಉದ್ದ ಒಂದು ಮೊಳವೂ ಇಲ್ಲ. ಇನ್ನಷ್ಟು ಉದ್ದ ಮಾಡಿದರೆ ಆಳದಲ್ಲೇ ಕುಳಿತಿರಬಹುದಲ್ಲ ಎಂದು ನನ್ನಂಥವರಿಗೆ ತೋರುತ್ತದೆ. ಆಗದು. ಒಂದು ಮೀಟರ್ ಕೆಳಗೆ ಹೋದರೆ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ೧೦೦ ಗ್ರಾಂ ನೀರಿನ ಭಾರ. ಅದನ್ನು ಹೊತ್ತು ಪಕ್ಕೆಲುಬುಗಳು ಅರಳಲಾರವು. ಬಿಟ್ಟ ಉಸಿರೂ ಉದ್ದ ಕೊಳವೆಯಲ್ಲಿ ನಿಂತು ಮತ್ತೆ ನಮಗೇ ಬರುತ್ತದೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಮಂತ್ರ ಬೇಕಾದದ್ದು ಸುಮ್ಮನೆ ಅಲ್ಲ. ಮಂತ್ರವಿಲ್ಲದ ನಮಗೆ ೧೯೪೩ರಲ್ಲಿ ಕೂಸ್ತೋ ಮತ್ತು ಗಾನ್ಯಾನ್ ಎಂಬ ಇಬ್ಬರು ಫ್ರಾನ್ಸಿನಲ್ಲಿ ಬೇರೆ ಉಪಾಯ ಮಾಡಿಕೊಟ್ಟರು: ಬೆನ್ನ ಮೇಲಿನ ಸಿಲಿಂಡರಿನ ಗಾಳಿಯನ್ನು ಸುತ್ತಲ ನೀರಿನ ಒತ್ತಡಕ್ಕೆ ಸಮಮಾಡಿ ಕೊಡುವ ಯಂತ್ರ.

ಸಿಲಿಂಡರಿದ್ದ ಮೇಲೆ ಕೊಳವೆಯೇಕೆ? ನನ್ನ ವಾದವೂ ಇದೇ ಆಗಿತ್ತು. ಗಟ್ಟಿ ಕೊಳವೆ ಕಿವಿಯ ಪಕ್ಕ ನೇತಾಡಿ, ಹಗ್ಗಕ್ಕೆ ಸಿಕ್ಕಿ, ಕನ್ನಡಕದ ಪಟ್ಟಿಯನ್ನು ಎಳೆಯುತ್ತದೆ. ಅದನ್ನು ಮುರುಡೇಶ್ವರದ ಕೋಣೆಯಲ್ಲೇ ಬಿಟ್ಟು ಮಗಳೊಡನೆ ನೇತ್ರಾಣಿಗೆ ಹೊರಟೆ. ಈ ವಿದ್ಯೆಯನ್ನು ಮೊದಲು ಕಲಿತವಳು ಅವಳು. ನಾನು ಹಿಂದೆ ಬಿದ್ದ ಶಿಷ್ಯ.

ನೀರಿನೊಳಗಿನ ಸೊಬಗನ್ನು ಬಣ್ಣಿಸುವುದಿಲ್ಲ. ಮೇಲೆ ಬಂದಾಗ ದೋಣಿ ದೂರವಿತ್ತು. ಸೆಳೆತ ನಮ್ಮನ್ನು ಪಕ್ಕಕ್ಕೆ ಒಯ್ದಿತ್ತು. ಹೊಸಬನ ಆತುರದಲ್ಲಿ ಗಾಳಿಯನ್ನೆಲ್ಲ ಕುಡಿದಿದ್ದೆ. ಮಾಪಕದ ಮುಳ್ಳು ಕೆಂಪು ಗೆರೆಯಲ್ಲಿ. ಜಾಕೀಟು ತೇಲಿಸುತ್ತಿತ್ತು, ನಿಜ. ಆದರೆ ಬಾಯಿ ತೆರೆದಾಗಲೆಲ್ಲ ಒಂದು ಅಲೆ. ನಾಲ್ಕನೆಯ ಬಾರಿ ಉಪ್ಪುನೀರು ಗಂಟಲಿಗಿಳಿದಾಗ ನನಗೆ ದಿಕ್ಕು ತಿಳಿಯಲಿಲ್ಲ. ಮಗಳು ಜಾಕೀಟಿನ ಜೇಬಿನಿಂದ ಅಂಗೈಯಷ್ಟು ಸುರುಳಿಯೊಂದನ್ನು ತೆಗೆದಳು. ಅದು ಕೈಯಲ್ಲೇ ಬಿಚ್ಚಿಕೊಂಡು ನೆಟ್ಟಗಾಯಿತು. "ಕಚ್ಚಿಕೊಳ್ಳಿ ಅಪ್ಪ, ಮುಖ ಕೆಳಗೆ ಮಾಡಿ" ಎಂದು ನನ್ನ ಬಾಯಿಗಿಟ್ಟು, ತಾನು ಅಂಗಾತ ಮಲಗಿ, ನನ್ನ ಭುಜದ ಪಟ್ಟಿಯನ್ನು ಹಿಡಿದು ಕಾಲು ಬಡಿದಳು. ದೋಣಿ ಸಿಕ್ಕುವವರೆಗೆ ನನಗೆ ಕೇಳಿದ್ದು ಕೊಳವೆಯೊಳಗಿನ ನನ್ನ ಉಸಿರೊಂದೇ. ತಲೆಯೆತ್ತಿದಾಗ ಅವಳು ಕೆಮ್ಮುತ್ತಿದ್ದಳು.

ಆ ಕೊಳವೆಯ ತುದಿಯಲ್ಲಿ ಈಗ ನನ್ನ ಹಲ್ಲಿನ ಗುರುತಿದೆ. "ಇದು ನಿಮಗೇ ಇರಲಿ, ನನಗೆ ಹೊಸದು ಕೊಡಿಸಿ" ಎಂದಳು. ಹೀಗಾಗಿ ಅಂಗಡಿ.

ಮಡಿಚುವುದೆಂಬ ಹೆಸರಿನವೆಲ್ಲ ಮಡಿಚುವುದಿಲ್ಲ. ಕೆಲವಕ್ಕೆ ಬುಡ ಮಾತ್ರ ಬಳುಕುತ್ತದೆ, ಮೇಲಿನದು ಗಟ್ಟಿ, ಜೇಬಿಗೆ ಹೋಗದು. ಪೂರ್ತಿ ಸಿಲಿಕೋನಿನದು ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಆದರೆ ತೀರ ಮೆತ್ತಗಿನದೊಂದು, ಬಾಗಿಸಿದ ಕೂಡಲೇ ಚಪ್ಪಟೆಯಾಗಿ ದಾರಿ ಮುಚ್ಚಿಕೊಂಡಿತು. ನೆಲದ ಮೇಲೆ ಇದು ತಮಾಷೆ. ತುದಿಯಲ್ಲಿ ತೇಲುಮುಚ್ಚಳವಿದ್ದದ್ದನ್ನು ಅಂಗಡಿಯವನು ಬಹಳ ಹೊಗಳಿದ: ಅಲೆ ಬಂದರೆ ತಾನೇ ಮುಚ್ಚುತ್ತದಂತೆ. ಮುಚ್ಚಿದ್ದು ಮರಳು ಸಿಕ್ಕಿ ತೆರೆಯದಿದ್ದರೆ? ಗಾತ್ರವೂ ದೊಡ್ಡದು; ಬೇಡವೆಂದೆ. ಬುಡದಲ್ಲಿ ನೀರನ್ನು ಹೊರದೂಡುವ ಸಣ್ಣ ಕವಾಟಕ್ಕೆ ಮಾತ್ರ ಒಪ್ಪಿದೆ. ಅದಕ್ಕೂ ಮರಳಿನ ಭಯ ಉಂಟು, ತೊಳೆಯಬೇಕು. ಕೊನೆಗೆ ಕೊಂಡಿ. ಯಂತ್ರದ ಕೊಳವೆ ಬಲಭುಜದ ಮೇಲಿಂದ ಬರುವುದರಿಂದ ಇದನ್ನು ಎಡಕ್ಕೆ, ಒದ್ದೆಗೈಯಲ್ಲಿ, ಒಂದೇ ಕೈಯಲ್ಲಿ ಸಿಕ್ಕಿಸಲು ಬರಬೇಕು. ಇನ್ನೊಂದು ಕೈ ಯಾರನ್ನು ಹಿಡಿದಿರುತ್ತದೋ.

ಮೂರನೆಯ ಅಂಗಡಿಯಲ್ಲಿ ದೊರಕಿತು. ರಾತ್ರಿಯಿಡೀ ಸುರುಳಿ ಸುತ್ತಿ ದಾರ ಕಟ್ಟಿಟ್ಟಿದ್ದೆ. ಬೆಳಿಗ್ಗೆ ಬಿಚ್ಚಿದಾಗ ನೆಟ್ಟಗಾಯಿತು, ಸುಕ್ಕಿಲ್ಲ. ಆದರೂ ಸಮಾಧಾನವಾಗದೆ ಬಚ್ಚಲುಮನೆಯ ಬಾಗಿಲು ಹಾಕಿ, ಬಕೆಟ್ಟಿನ ನೀರಿನಲ್ಲಿ ಮುಖವಿಟ್ಟು ನೂರು ಉಸಿರು ಎಣಿಸತೊಡಗಿದೆ. ಅರವತ್ತಕ್ಕೆ ಬಂದಿದ್ದೆ, ಅಮ್ಮ ಬಾಗಿಲು ತಟ್ಟಿದಳು.