ಗಾಯಗೊಂಡ ಹುಲಿಯ ಹಿಂದೆ ಹೋದವರು

ಬೇಟೆಯ ಕತೆಗಳನ್ನು ಓದಿ ಬೆಳೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹುಲಿ ಒಂದೇ ಗುಂಡಿಗೆ ಬಿದ್ದರೆ ಕತೆ ಎರಡು ಪುಟಕ್ಕೆ ಮುಗಿಯುತ್ತದೆ. ಗಾಯಗೊಂಡು ತಪ್ಪಿಸಿಕೊಂಡರೆ ನಿಜವಾದ ಕತೆ ಅಲ್ಲಿಂದ ಶುರು. ಎಲೆಯ ಮೇಲಿನ ರಕ್ತದ ಹನಿ, ಇಳಿಯುತ್ತಿರುವ ಹೊತ್ತು, ಗಾಳಿಯಿಲ್ಲದಿದ್ದರೂ ಅಲುಗಾಡಿದ ಲಂಟಾನದ ಪೊದೆ. ಹೈಸ್ಕೂಲಿನಲ್ಲಿದ್ದಾಗ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು ನಾನು ಓದಿದ್ದು ಹೀಗೆಯೇ, ಉಸಿರು ಬಿಗಿಹಿಡಿದು. ಈಗ ಸಂಶೋಧನೆಗಾಗಿ ಅದೇ ಬಗೆಯ ಬರಹಗಳನ್ನು ದಿನವೂ ಓದುತ್ತೇನೆ. ರೋಮಾಂಚನ ಪೂರ್ತಿ ಹೋಗಿಲ್ಲ. ಆದರೆ ಪ್ರತಿ ಕತೆಯಲ್ಲೂ ಒಂದು ಪ್ರಶ್ನೆ ತಡೆದು ನಿಲ್ಲಿಸುತ್ತದೆ: ಆ ಪೊದೆಯೊಳಗೆ ಮೊದಲು ಕಾಲಿಟ್ಟವರು ಯಾರು?

ಅಪಾಯ ಎಲ್ಲಿತ್ತು ಎಂದು ತಿಳಿಯಲು ಆಗಿನ ಕೋವಿ ಹೇಗಿತ್ತು ಎಂದು ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಇದ್ದದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಗುಂಡು ಇಳಿಸಿ, ಕೊನೆಗೆ ಕೇಪು ಕೂರಿಸಬೇಕು. ಮದ್ದು ತೇವವಾಗಿದ್ದರೆ ಕುದುರೆ ಬಡಿದ ಸದ್ದು ಮಾತ್ರ. ಹಾರಿದರೂ ಇರುವುದು ಒಂದೇ ಈಡು. ಮತ್ತೊಮ್ಮೆ ತುಂಬುವಷ್ಟು ಪುರುಸೊತ್ತನ್ನು ಗಾಯಗೊಂಡ ಹಂದಿ ಕೊಡುವುದಿಲ್ಲ. ಸಾಹೇಬರ ರೈಫಲ್ಲುಗಳು ಇದಕ್ಕಿಂತ ಎಷ್ಟೋ ಮೇಲು. ಆದರೂ ಹುಲ್ಲಿನ ಮರೆಯಲ್ಲಿ ಮಲಗಿದ ಗಾಯಾಳು ಹುಲಿಯ ಮುಂದೆ ಒಳ್ಳೆಯ ರೈಫಲ್ಲಿಗೂ ಸಿಗುವುದು ಕ್ಷಣ ಮಾತ್ರ. ಆದ್ದರಿಂದ ಶಿಕಾರಿಯವರಲ್ಲಿ ಒಂದು ಕಟ್ಟುಪಾಡಿತ್ತು. ಹೊಡೆದ ಪ್ರಾಣಿಯನ್ನು ಗಾಯದೊಂದಿಗೆ ಬಿಟ್ಟುಬರಬಾರದು. ಬೆನ್ನು ಹತ್ತಬೇಕು, ಮುಗಿಸಬೇಕು.

ಈ ಕಟ್ಟುಪಾಡಿನ ಹಿಂದಿದ್ದದ್ದು ಮರ್ಯಾದೆಯ ಮಾತಷ್ಟೇ ಅಲ್ಲ. 1907ರಲ್ಲಿ ಜಿಮ್ ಕಾರ್ಬೆಟ್ ಕುಮಾವೂನಿನ ಚಂಪಾವತದಲ್ಲಿ ಕೊಂದ ಹೆಣ್ಣುಹುಲಿ ಅಷ್ಟರೊಳಗೆ ನೇಪಾಳ ಮತ್ತು ಕುಮಾವೂನ್ ಎರಡೂ ಕಡೆ ಸೇರಿ 436 ಜನರನ್ನು ಕೊಂದಿತ್ತೆಂದು ಲೆಕ್ಕ. ಸತ್ತ ಮೇಲೆ ಅದರ ಬಾಯಿ ನೋಡಿದರೆ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು: ಮೇಲಿನದು ಅರ್ಧಕ್ಕೆ, ಕೆಳಗಿನದು ಎಲುಬಿನವರೆಗೆ. ಹಿಂದೆಂದೋ ಬಿದ್ದ ಗುಂಡೇಟಿನ ಗುರುತು ಅದು. ಜಿಂಕೆ ಕಡವೆ ಹಿಡಿಯಲಾಗದ ಹುಲಿ ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ ಬರೆದರು. ಹುಲಿಗಳು ನರಭಕ್ಷಕರಾಗುವುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು ಎರಡು: ಅಜಾಗರೂಕತೆಯಿಂದ ಹೊಡೆದು ಹಿಂಬಾಲಿಸದೆ ಬಿಟ್ಟ ಗುಂಡು, ಇಲ್ಲವೇ ಮುಳ್ಳುಹಂದಿಯ ಮುಳ್ಳು. ಅಂದರೆ ಹುಲ್ಲು ಕೊಯ್ಯಲು, ಸೌದೆ ತರಲು ಹೋದ ಹೆಂಗಸರ ಸಾವಿನ ಹಿಂದೆ ಯಾರದೋ ಒಂದು ಅರೆಬರೆ ಬೇಟೆಯಿತ್ತು. ಆ ಗುಂಡು ಹೊಡೆದವನು ಮನೆಗೆ ಹೋಗಿ, ಹುಲಿ ತಪ್ಪಿಸಿಕೊಂಡ ಕತೆಯನ್ನು ರಸವತ್ತಾಗಿ ಹೇಳಿರಲೂಬಹುದು.

ಅದೇ ಚಂಪಾವತದ ಬೇಟೆಯಲ್ಲಿ ನಾವು ಮರೆಯುವ ಇನ್ನೊಂದು ಸಂಗತಿಯಿದೆ. ಆ ದಿನ ಹುಲಿಯನ್ನು ಎಬ್ಬಿಸಲು ಗುಡ್ಡದ ನೆತ್ತಿಯಲ್ಲಿ ಸಾಲಾಗಿ ನಿಂತವರು ಸುಮಾರು 300 ಜನ ಹಳ್ಳಿಗರು. ಕಾರ್ಬೆಟ್ಟರ ರೈಫಲ್ಲಿನಲ್ಲಿದ್ದ ತೋಟಾಗಳು ಮುಗಿದು, ಅವರು ತಹಶೀಲ್ದಾರರ ಕೋವಿಯನ್ನು ಇಸಿದುಕೊಂಡು ಕೊನೆಯ ಈಡು ಹೊಡೆಯಬೇಕಾಯಿತು. ಆ ಕೋವಿಯ ವಿಷಯ ಓದಿದ ಎಲ್ಲರಿಗೂ ನೆನಪಿರುತ್ತದೆ. 300 ಜನರಲ್ಲಿ ಒಬ್ಬರ ಹೆಸರೂ ಯಾರಿಗೂ ನೆನಪಿಲ್ಲ.

ನನ್ನ ಅಜ್ಜ ಮಲೆನಾಡಿನಲ್ಲಿ ಹೀಗೆ ಸೋವಿಗೆ ಹೋಗುತ್ತಿದ್ದವರು. ಕೋವಿಯಿದ್ದವರು ಬಿಲ್ಲಿನಲ್ಲಿ ಕಾದು ಕೂರುತ್ತಿದ್ದರು. ಇಲ್ಲದವರು ಹಳುವಿಗೆ ನುಗ್ಗಿ, ಕೂಗು ಹಾಕಿ, ನಾಯಿ ಬಿಟ್ಟು ಪ್ರಾಣಿಯನ್ನು ಅವರ ಕಡೆಗೆ ಅಟ್ಟಬೇಕು. ಅಜ್ಜನ ಕೈಯಲ್ಲಿರುತ್ತಿದ್ದದ್ದು ಒಂದು ಕತ್ತಿ. ಒಮ್ಮೆ ಈಡು ತಿಂದ ಹಂದಿ ತಿರುಗಿ ಸೋವಿನವರ ಮೇಲೆಯೇ ಬಂತು. ಅಜ್ಜನ ಬಲತೊಡೆ ಮಂಡಿಯ ಮೇಲಿಂದ ಸೊಂಟದವರೆಗೆ ಸೀಳಿಹೋಯಿತು. ಆಮೇಲೆ ಅವರು ಚಕ್ಕಳಮಕ್ಕಳ ಹಾಕಿ ಕೂತದ್ದಿಲ್ಲ. ಮದುವೆ ಮನೆಗಳ ಪಂಕ್ತಿಯಲ್ಲೂ ಕಂಬಕ್ಕೊರಗಿ, ಒಂದು ಕಾಲು ಚಾಚಿಯೇ ಉಣ್ಣುತ್ತಿದ್ದರು. ಆ ಹಂದಿಯ ಕೋರೆ ಬಹಳ ಕಾಲ ಕೋವಿಯಿದ್ದವರ ಮನೆಯ ಜಗಲಿಯ ಗೋಡೆಯ ಮೇಲಿತ್ತು. ನಮ್ಮ ಮನೆಗೆ ಬಂದದ್ದು ಬಾಳೆಲೆಯಲ್ಲಿ ಕಟ್ಟಿದ ಒಂದು ಪಾಲು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಅನ್ಯಾಯದ ಕತೆಯಾಗುತ್ತದೆ. ನನಗೂ ಅದನ್ನು ಹಾಗೆ ಬರೆಯುವ ಆಸೆಯಿದೆ. ಆದರೆ ಅಜ್ಜ ಹಾಗೆ ಹೇಳುತ್ತಿರಲಿಲ್ಲ. “ಹಂದಿ ಹೊಡ್ದಿದ್ದು ಅವ್ರು. ಎಬ್ಸಿದ್ದು ನಾನು ಕಣೋ,” ಎನ್ನುವಾಗ ಅವರ ಮುಖ ಅರಳುತ್ತಿತ್ತು. ಹಂದಿ ಯಾವ ಹಳ್ಳದ ಪಕ್ಕ ಮಲಗಿರುತ್ತದೆ, ಎಬ್ಬಿಸಿದರೆ ಯಾವ ಕಂಡಿಯಲ್ಲಿ ನುಸುಳುತ್ತದೆ, ಗಾಳಿ ಯಾವ ಕಡೆಯಿದ್ದರೆ ಸೋವು ಕೆಡುತ್ತದೆ ಎಂಬುದೆಲ್ಲ ಅವರ ವಿದ್ಯೆ. ಆ ವಿದ್ಯೆಯ ಮುಂದೆ ಕುದುರೆ ಎಳೆಯುವ ಬೆರಳು ಅವರಿಗೆ ದೊಡ್ಡದಾಗಿ ಕಂಡಿರಲಿಲ್ಲ. ಅವರ ಹೆಮ್ಮೆಯನ್ನು ಕಿತ್ತುಕೊಂಡು ಅವರನ್ನು ಬರೀ ಬಲಿಪಶುವೆಂದು ದಾಖಲಿಸುವುದೂ ಇನ್ನೊಂದು ಬಗೆಯ ಮರೆವೇ.

ಗೌರವ ಮಾತ್ರ ಹೆಚ್ಚಾಗಿ ಗುಂಡು ಹೊಡೆದವನದೇ. ಕೊಡಗಿನಲ್ಲಿ ಹುಲಿ ಕೊಂದವನಿಗೆ ‘ನರಿ ಮಂಗಲ’ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಮದುವಣಿಗನಂತೆ ಸಿಂಗರಿಸಿದ ಬೇಟೆಗಾರನನ್ನು ಕೂರಿಸಿ, ಪಕ್ಕದಲ್ಲಿ ಹುಲಿಯ ದೇಹವನ್ನು ತೂಗುಹಾಕಿ, ಊರಿನವರೆಲ್ಲ ಅಕ್ಕಿ ಹಾಕಿ ಹರಸುತ್ತಿದ್ದರು. ಕೊಂದವನಿಗೂ ಸತ್ತ ಹುಲಿಗೂ ನಡುವೆ ಮದುವೆಯಂಥ ನಂಟು ಕಟ್ಟುವ ಈ ಆಚರಣೆಯಲ್ಲಿ ಹುಲಿಯ ಬಗೆಗಿನ ಭಯವೂ ಮರ್ಯಾದೆಯೂ ಒಟ್ಟಿಗಿವೆ. ಬ್ರಿಟಿಷ್ ಶಿಕಾರಿಗಳ ಮರ್ಯಾದೆ ಅಳತೆಪಟ್ಟಿಯಲ್ಲಿತ್ತು. ಮೂಗಿನ ಬಳಿ ಒಂದು, ಬಾಲದ ತುದಿಯಲ್ಲಿ ಒಂದು ಗೂಟ ಹೊಡೆದು ನಡುವಿನ ನೇರ ದೂರ ಅಳೆಯಬೇಕೋ, ಬೆನ್ನಿನ ಏರಿಳಿತದ ಮೇಲೆ ಪಟ್ಟಿ ಹಾಯಿಸಬೇಕೋ ಎಂದು ಅವರು ವಾದ ಮಾಡುತ್ತಿದ್ದರು. ಎರಡನೆಯ ಕ್ರಮದಲ್ಲಿ ಹುಲಿ ಕೆಲವು ಇಂಚು ಉದ್ದವಾಗುತ್ತಿತ್ತು! ಹುಲಿಯನ್ನು ಇಂಚಿಗೆ ಸರಿಯಾಗಿ ಅಳೆದ ಅವೆಷ್ಟೋ ಪುಟಗಳಲ್ಲಿ ಅದನ್ನು ಎಬ್ಬಿಸಿದವರಿಗೆ ಸಿಕ್ಕಿದ್ದು ‘ಕೂಲಿಗಳು’ ಎಂಬ ಒಂದೇ ಪದ.

ಎಲ್ಲರೂ ಹಾಗೆ ಬರೆಯಲಿಲ್ಲ ಎನ್ನಬೇಕು. ಆಂಡರ್ಸನ್ನರ ಕತೆಗಳಲ್ಲಿ ಬೈರ, ರಂಗ ಹೆಸರಿನೊಂದಿಗೆ, ಮಾತಿನೊಂದಿಗೆ ಬರುತ್ತಾರೆ. ಜಾಡು ಓದುವುದರಲ್ಲಿ ಬೈರನೇ ಗುರು. ದಕ್ಷಿಣ ಕನ್ನಡದ ಕೃಷಿಕ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಓದಿದರೆ ಬೇಟೆ ಒಬ್ಬನ ಸಾಹಸವಲ್ಲ, ಊರಿನ ಬದುಕಿನ ಒಂದು ಭಾಗ ಎಂದು ಅರಿವಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಲೋಕ ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ, ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಉಳಿದಿದ್ದ ಹುಲಿಗಳು 1827 ಮಾತ್ರ. ಆ ಲೋಕ ಮರಳಿ ಬರಲಿ ಎಂದು ನನಗನಿಸಿದ್ದಿಲ್ಲ. ಆದರೆ ಬೇಟೆಯನ್ನು ನೆನಪಿಡುವ ಬೇರೆ ಬಗೆಯೊಂದು ನಮ್ಮಲ್ಲೇ, ಸಾವಿರ ವರ್ಷಕ್ಕೂ ಹಿಂದೆ ಇತ್ತು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿದೆ. ಹತ್ತನೆಯ ಶತಮಾನದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರ ಎಂಬ ವೀರ ಒಡೆಯನಿಂದ ಮೆಚ್ಚುಗೆಯಾಗಿ ಬೇಡಿದ್ದು ಊರಲ್ಲ, ಹೊನ್ನಲ್ಲ, ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಒಂದು ಭಾರಿ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆಂದೂ ಬರೆಸಿದರು. ದೊರೆಗಳ ಬಿರುದು, ಯುದ್ಧದ ಗೆಲುವು ಎಲ್ಲವೂ ಇರುವ ಆ ಶಾಸನದಲ್ಲಿ ಕೆತ್ತಿದ ಚಿತ್ರ ಮಾತ್ರ ನಾಯಿ ಮತ್ತು ಹಂದಿಯದು.

ಪೊದೆಯೊಳಗೆ ಮೊದಲು ನುಗ್ಗಿದ್ದು ಯಾರು ಎಂಬ ಪ್ರಶ್ನೆಗೆ ಆ ಕಲ್ಲು ಹೆಸರು ಹಿಡಿದು ಉತ್ತರಿಸುತ್ತದೆ. ನನ್ನ ಪ್ರಬಂಧದ ಕೊನೆಯಲ್ಲಿ ಒಂದು ಪಟ್ಟಿ ಕೊಡಬೇಕೆಂದಿದ್ದೇನೆ. ಓದಿದ ಪುಸ್ತಕಗಳಲ್ಲಿ, ಕೇಳಿದ ಮಾತುಗಳಲ್ಲಿ ಸಿಕ್ಕಿದಷ್ಟು ಸೋವಿನವರ, ಜಾಡು ಹಿಡಿದವರ ಹೆಸರುಗಳು. ಸದ್ಯಕ್ಕೆ ಅದು ಒಂದು ಪುಟವೂ ತುಂಬಿಲ್ಲ.