ಕಪ್ಪು ಮುಖಕ್ಕೆ ಎಷ್ಟು ಬೆಳಕು?

ನಮ್ಮ ಕೇರಿಯ ಯಾವ ಮನೆಯಲ್ಲೂ ತಾತನ ಫೋಟೋ ಇಲ್ಲ. ಊರೊಳಗಿನ ಮನೆಗಳಲ್ಲಿ ತಾತ, ಮುತ್ತಾತ ಪೇಟ ಸುತ್ತಿಕೊಂಡು, ಕಟ್ಟು ಹಾಕಿಸಿಕೊಂಡು, ಗೋಡೆ ಮೇಲೆ ಸಾಲಾಗಿ ಕೂತಿರ್ತಾರೆ. ನಮ್ಮ ಗೋಡೆಗಳ ಮೇಲೆ ಬಾಬಾಸಾಹೇಬರು ಮತ್ತು ಕಿರಾಣಿ ಅಂಗಡಿಯ ಒಂದು ಕ್ಯಾಲೆಂಡರು. ನಮ್ಮ ತಾತಂದಿರ ಮೊಕ ಹೆಂಗಿತ್ತು ಅನ್ನೋದು ಅವರನ್ನು ಕಂಡವರ ಜೊತೆಗೇ ಮಣ್ಣಾಯಿತು.

ಹಾಗಂತ ಕ್ಯಾಮೆರಾ ನಮ್ಮ ಜನರ ಹತ್ತಿರ ಬರಲೇ ಇಲ್ಲ ಅಂತ ತಿಳೀಬೇಡಿ. ಬಂತು. ಬ್ರಿಟಿಷರ ಕಾಲದಲ್ಲಿ, 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ಹೊರಬಂದವು. ಜಾತಿಗೊಂದು, ಬುಡಕಟ್ಟಿಗೊಂದು ಫೋಟೋ. ಜೊತೆಗೆ ಅವರ ಗುಣಸ್ವಭಾವದ ಷರಾ. 1909ರಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಒಂದು ಕೈಲಿ ಕ್ಯಾಮೆರಾ, ಇನ್ನೊಂದು ಕೈಲಿ ಮೂಗಿನ ಅಳತೆ ತೆಗೆಯೋ ಸಾಧನ. ಅಲ್ಲಿ ನಮ್ಮಂಥವರಿಗೆ ಜಾತಿ ಇತ್ತು, ಹೆಸರಿರಲಿಲ್ಲ. ಆಮೇಲೆ 1993ರಲ್ಲಿ ಚುನಾವಣಾ ಗುರುತಿನ ಚೀಟಿ ಬಂತು. ನಮ್ಮ ಕೇರಿಯ ಎಷ್ಟೋ ಮುದುಕ ಮುದುಕಿಯರ ಮೊದಲ ಫೋಟೋ ಅದೇ. ಸಾಲು ನಿಲ್ಲಿಸಿ, ಗೋಡೆಗೆ ಒರಗಿಸಿ, ಟಪ್ ಅಂತ ಹೊಡೆದದ್ದು. ಪೋಲೀಸ್ ಸ್ಟೇಷನ್ನಿಗೆ ಹಿಡಿದು ತಂದವರ ಹಾಗೆ ಕಣ್ಣು ಬಿಟ್ಟಿದ್ದಾರೆ, ಪಾಪ.

ನಾವು ಅಂದರೆ ಇಬ್ಬರು. ಒಂದೇ ಕೇರಿಯವರು, ಕೋಲಾರ ಸೀಮೆ. ಎಂಬತ್ತರ ದಶಕದಲ್ಲಿ ತಾಲ್ಲೂಕು ಪಟ್ಟಣದ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸೋಕೆ ಸೇರಿ, ಕತ್ತಲೆ ಕೋಣೆಯ ಕೆಲಸ ಕಲಿತವರು. ಕೆಂಪು ಬಲ್ಬಿನ ಕೆಳಗೆ, ಟ್ರೇಯೊಳಗಿನ ನೀರಿನಲ್ಲಿ ಬಿಳೀ ಕಾಗದದ ಮೇಲೆ ನಿಧಾನಕ್ಕೆ ಮೊಕ ಮೂಡೋದನ್ನ ಮೊದಲ ಸಲ ಕಂಡಾಗ ನಮಗೆ ಮಾತು ಹೊರಡಲಿಲ್ಲ. ಆಗ ಊಟಿಯ ಹಿಂದುಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯ ‘ಇಂದು’ ಫಿಲಂ ಸಿಗ್ತಿತ್ತು, ಪೂರ್ವ ಜರ್ಮನಿಯ ‘ಓರ್ವೋ’ ಸಿಗ್ತಿತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹನ್ನೆರಡರಲ್ಲಿ ಒಂದು ಕೆಟ್ಟರೂ ಯಜಮಾನನ ಬೈಗುಳ.

ಅಲ್ಲಿ ನಾವು ಕಂಡ ದೊಡ್ಡ ವಿದ್ಯೆ ಪೆನ್ಸಿಲ್ಲಿನದು. ನೆಗೆಟಿವ್ವಿನಲ್ಲಿ ಎಲ್ಲ ತಿರುವು ಮುರುವು; ಕಪ್ಪು ಮಾಡಿದ್ದು ಪ್ರಿಂಟಿನಲ್ಲಿ ಬೆಳ್ಳಗೆ ಬರ್ತದೆ. ಚೂಪಾದ ಪೆನ್ಸಿಲ್ಲಿನಿಂದ ನೆಗೆಟಿವ್ವಿನ ಮೊಕದ ಮೇಲೆ ಸಣ್ಣ ಸಣ್ಣ ಚುಕ್ಕೆ ಇಟ್ಟರೆ ಕಪ್ಪು ಹುಡುಗಿ ಬೆಳ್ಳಗಾಗ್ತಾಳೆ. ಮದುವೆಗೆ ತೋರಿಸೋ ಫೋಟೋಗೆ ಇದು ಕಡ್ಡಾಯ. ನಮ್ಮ ಕೇರಿಯ ಒಬ್ಬ ತಾಯಿ ಮಗಳ ಫೋಟೋ ಇಸ್ಕೊಂಡು, ಎರಡು ಸಲ ತಿರುಗಿಸಿ ನೋಡಿ ಕೇಳಿದರು: ‘ಇದ್ಯಾರಪ್ಪಾ ಇವ್ಳು? ನನ್ ಮಗ್ಳ ಫೋಟೋ ಎಲ್ಲಿ?’ ಯಜಮಾನ ನಕ್ಕ. ನಮಗೆ ನಗು ಬರಲಿಲ್ಲ.

ನಮ್ಮದೇ ಅಂಗಡಿ ಹಾಕಿದ ಮೇಲೆ ಕೇರಿಯ ಮದುವೆಗಳಿಗೆ ಹೋದೆವು. ಚಪ್ಪರದ ಕೆಳಗೆ ಬಿಳೀ ಅಂಗಿ, ಬಿಳೀ ಪಂಚೆ, ನಡುವೆ ನಮ್ಮ ಬಣ್ಣದ ಮೊಕ. ಇಲ್ಲೊಂದು ವಿಷಯ ಮೇಷ್ಟರುಗಳು ಗಮನಿಸಬೇಕು. ಕ್ಯಾಮೆರಾದ ಬೆಳಕಿನ ಮೀಟರಿಗೆ ಮನುಷ್ಯರ ಗುರುತಿಲ್ಲ. ಎದುರಿಗೆ ಇರೋದೆಲ್ಲ ಸರಾಸರಿಯಲ್ಲಿ ನೂರಕ್ಕೆ 18ರಷ್ಟು ಬೆಳಕನ್ನು ವಾಪಸು ಕಳಿಸುವ ಬೂದು ಬಣ್ಣ ಅಂತ ಅದರ ಲೆಕ್ಕ. ಬಿಳೀ ಅಂಗಿ ಕಂಡರೆ ‘ಬೆಳಕು ಜಾಸ್ತಿ ಆಯ್ತು, ಕಮ್ಮಿ ಮಾಡು’ ಅನ್ನುತ್ತೆ. ಅದರ ಮಾತು ಕೇಳಿದರೆ ಅಂಗಿ ಉಳೀತದೆ, ಮೊಕ ಹೋಗ್ತದೆ. ಹಲ್ಲು, ಕಣ್ಣು ಮಾತ್ರ ಕಾಣೋ ಎಷ್ಟು ಮದುವೆ ಫೋಟೋಗಳನ್ನ ನೀವೂ ಕಂಡಿಲ್ಲ?

ನಾವು ಮೀಟರಿನ ಮಾತು ಮೀರಿದೆವು. ಅದು ಹೇಳಿದ್ದಕ್ಕಿಂತ ಒಂದು, ಒಂದೂವರೆ ಸ್ಟಾಪು ಹೆಚ್ಚು ಬೆಳಕು ಕೊಟ್ಟು, ಫಿಲಂ ತೊಳೆಯುವಾಗ ಡೆವಲಪರಿನಲ್ಲಿ ಇಡೋ ಹೊತ್ತನ್ನ ಐದರಲ್ಲಿ ಒಂದು ಪಾಲು ಕಡಿಮೆ ಮಾಡಿದೆವು. ಮೊಕದ ಗೆರೆ ಗೆರೆಯೂ ಬಂತು, ಅಂಗಿಯ ಮಡಿಕೆಯೂ ಉಳಿಯಿತು. ಫ್ಲ್ಯಾಶನ್ನ ನೇರ ಮೊಕಕ್ಕೆ ಹೊಡೆಯೋದು ಬಿಟ್ಟೆವು. ಇಬ್ಬರು ಹುಡುಗರ ಕೈಲಿ ಒಗೆದ ಪಂಚೆ ಹಿಡಿಸಿ, ಅದಕ್ಕೆ ಫ್ಲ್ಯಾಶ್ ಹೊಡೆದು, ಅಲ್ಲಿಂದ ಚೆಲ್ಲಿದ ಬೆಳಕಿನಲ್ಲಿ ತೆಗೆದೆವು. ಕಪ್ಪು ಚರ್ಮ ಬೆಳಕನ್ನ ಹೊಳಪಾಗಿ ವಾಪಸು ಕೊಡುತ್ತೆ. ಎಣ್ಣೆ ಹಚ್ಚಿದ ಹಣೆ, ಬೆವರಿದ ಕೆನ್ನೆ, ಎಲ್ಲ ಮಾತಾಡಿದವು. ಈ ವಿದ್ಯೆಯನ್ನ ಹೇಳಿಕೊಡೋ ಪುಸ್ತಕ ಯಾವುದೂ ನಮ್ಮ ಕೈಗೆ ಸಿಕ್ಕಿರಲಿಲ್ಲ.

ಯಾಕೆ ಸಿಗಲಿಲ್ಲ ಅನ್ನೋದು ಬಹಳ ತಡವಾಗಿ ತಿಳೀತು. ಐವತ್ತರ ದಶಕದಿಂದ ಕೊಡಾಕ್ ಕಂಪೆನಿ ಕಲರ್ ಲ್ಯಾಬುಗಳಿಗೆ ಒಂದು ಮಾದರಿ ಫೋಟೋ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಲ್ಯಾಬಿನವರು ಅದನ್ನ ‘ಶರ್ಲಿ’ ಅಂತ ಕರೀತಿದ್ದರು. ಆಕೆಯ ಚರ್ಮದ ಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿ ಇದೆ ಅಂತ ಅರ್ಥ. ಉಳಿದವರ ಬಣ್ಣ ಹೇಗೆ ಬಂದರೂ ಸರಿಯೆ. ಫಿಲಂ ಸುಧಾರಿಸಿದ್ದಕ್ಕೆ ಒಂದು ಕಾರಣ ಚಾಕಲೇಟು, ಮರದ ಪೀಠೋಪಕರಣ ತಯಾರಿಸುವವರು ‘ನಮ್ಮ ಮಾಲಿನ ಕಂದು ಬಣ್ಣ ಸರಿಯಾಗಿ ಬರ್ತಿಲ್ಲ’ ಅಂತ ದೂರಿದ್ದು! ಮನುಷ್ಯರ ಮೊಕಕ್ಕಿಂತ ಮೇಜಿನ ಮಾತಿಗೆ ಬೆಲೆ ಬಂತು. ಆದರೆ ಎದ್ದು ನಿಂತವರೂ ಇದ್ದರು. ದಕ್ಷಿಣ ಆಫ್ರಿಕಾದಲ್ಲಿ ಕರಿಯರು ಸದಾ ಹೊತ್ತು ತಿರುಗಬೇಕಾಗಿದ್ದ ಪಾಸ್‌ಬುಕ್ಕಿನ ಫೋಟೋಗೆ ಪೊಲರಾಯ್ಡ್ ಕಂಪೆನಿಯ ಕ್ಯಾಮೆರಾ ಬಳಸ್ತಿದ್ದರು. 1970ರಲ್ಲಿ ಅಮೆರಿಕದಲ್ಲಿ ಅದೇ ಕಂಪೆನಿಯ ನೌಕರರಾದ ಕ್ಯಾರೊಲಿನ್ ಹಂಟರ್, ಕೆನ್ ವಿಲಿಯಮ್ಸ್ ಎಂಬ ಇಬ್ಬರು ಕರಿಯರು ಇದರ ವಿರುದ್ಧ ಚಳವಳಿ ಶುರು ಮಾಡಿದರು. ಕೆಲಸ ಕಳಕೊಂಡರು. 1977ರಲ್ಲಿ ಕಂಪೆನಿ ಆ ದೇಶದಿಂದ ಕಾಲು ಕಿತ್ತಿತು. ಗೆಳೆಯರೇ, ಎಲ್ಲಿಯ ಕೋಲಾರ, ಎಲ್ಲಿಯ ಅಮೆರಿಕ! ಆದರೂ ಓದಿದಾಗ ನಮ್ಮ ಕೇರಿಯವರೇ ಅನಿಸಿತು.

ಏಪ್ರಿಲ್ 14ರ ಮೆರವಣಿಗೆ, ಧರಣಿ, ಜಾಥಾ, ಎಲ್ಲಕ್ಕೂ ನಾವೇ ಫೋಟೋದವರು. ಒಂದು ಪತ್ರಿಕೆಗೆ ಕೊಟ್ಟ ಫೋಟೋದಲ್ಲಿ ಭಾಷಣದವರು ಉಳಿದರು, ತಮಟೆಯವರನ್ನ ಕತ್ತರಿಸಿ ಹಾಕಿದ್ದರು. ಅವತ್ತಿಂದ ತಮಟೆಯವರನ್ನ ಫೋಟೋದ ನಟ್ಟನಡುವೆ ಇಟ್ಟು ತೆಗೆಯೋಕೆ ಶುರು ಮಾಡಿದೆವು. ಕತ್ತರಿಸಿದರೆ ಫೋಟೋನೇ ಇರಬಾರದು, ಹಂಗೆ.

ಒಂದೂರಲ್ಲಿ ನಮ್ಮ ಹೆಣ್ಣುಮಕ್ಕಳು ಸಾಲಾಗಿ ಹೋಗಿ ಊರ ಬಾವಿಯಲ್ಲಿ ನೀರು ಸೇದಿದರು. ನಾವು ತೆಗೆದೆವು. ಮೂರನೇ ದಿನ ಆ ಊರಿನ ಪಟೇಲರು ಅಂಗಡಿಗೆ ಬಂದರು.

‘ಏನ್ರೋ, ಬಾವಿ ಹತ್ರ ಫೋಟೋ ತೆಗುದ್ರಂತೆ. ಎಲ್ಲಾರ ಮೊಕ ಕಾಣೋ ಹಂಗೆ ದೊಡ್ಡದೊಂದು ಹಾಕ್ಕೊಡ್ರೋ. ದುಡ್ಡು ಎಷ್ಟಾದ್ರೂ ಆಗ್ಲಿ.’

‘ನೆಗೆಟಿವ್ ನಮ್ಮತ್ರ ಇಲ್ಲ ಪಟೇಲ್ರೆ. ಆ ಹೆಣ್ಮಕ್ಕಳೇ ಇಸ್ಕೊಂಡೋದ್ರು.’

ಅದು ನಿಜವೂ ಹೌದು. ಫೋಟೋ ಯಾರದೋ ನೆಗೆಟಿವ್ವೂ ಅವರದೇ ಅಂತ ನಾವು ಮೊದಲೇ ಕೊಟ್ಟುಬಿಟ್ಟಿದ್ದೆವು. ಪಟೇಲರು ಹೊಸಲು ದಾಟುವಾಗ ತಿರುಗಿ ನಮ್ಮಿಬ್ಬರ ಮೊಕ ನೋಡಿದ ನೋಟ ನಮಗೆ ಪಾಠವಾಯಿತು. ಅವರಿಗೆ ಫೋಟೋ ಬೇಕಾಗಿದ್ದುದು ನಾಳೆ ಯಾರಿಗೆ ಕೂಲಿ ಕೊಡಬಾರದು ಅನ್ನೋ ಪಟ್ಟಿಗೆ.

ಅಂಥ ಕಡೆ ಹೋಗುವಾಗ ನಾವು ಬೇರೆ ಬೇರೆ ರೀತಿ ಮಾಡಿ ನೋಡಿದೆವು. ಮೊಕ ಸಿಗಬಾರದು, ಜನ ಸಿಗಬೇಕು. ಸಂಜೆ ಬೆಳಕಿನಲ್ಲಿ ಕ್ಯಾಮೆರಾವನ್ನ ಮೂರು ಕಾಲಿನ ಸ್ಟ್ಯಾಂಡಿಗೆ ಕೂರಿಸಿ, ಷಟರನ್ನ ಕಾಲು ಸೆಕೆಂಡು ತೆರೆದಿಟ್ಟರೆ, ನಡೆಯೋರ ಮೊಕ ಕಲಸಿಕೊಂಡು ಹೋಗ್ತದೆ. ಬಾವಿಯ ಕಲ್ಲು, ಇಳಿಸಿಟ್ಟ ಕೊಡ, ರಾಟೆ ಮಾತ್ರ ಕೊರೆದಂತೆ ನಿಲ್ಲುತ್ತವೆ. ಮಧ್ಯಾಹ್ನವಾದರೆ ಸೂರ್ಯನಿಗೆ ಎದುರಾಗಿ ನಿಂತು ಬರೀ ಆಕಾರ ಹಿಡಿದೆವು. ಇಲ್ಲವೆ ಬರೀ ಕಾಲು, ಬರೀ ಹಗ್ಗ ಹಿಡಿದ ಕೈ. ಪಟ್ಟಣದ ಒಬ್ಬ ಕಲಾವಿದರು ನೋಡಿ ‘ಬಹಳ ಆಧುನಿಕವಾಗಿದೆ ಕಣ್ರಯ್ಯ’ ಅಂದರು. ಕೂಲಿ ಉಳಿಸೋಕೆ ಮಾಡಿದ್ದು ಅಂದೆವು.

ಹೋಟೆಲಿನ ಹೊರಗೆ ನಮಗಾಗಿ ಬೇರೆ ಇಟ್ಟ ಲೋಟಗಳನ್ನ ತೆಗೆಯೋವಾಗ ಪಕ್ಕದಲ್ಲಿ ಅವತ್ತಿನ ಪತ್ರಿಕೆ ಇಟ್ಟು, ತಾರೀಕು ಕಾಣೋ ಹಾಗೆ ತೆಗೆದೆವು. ದೌರ್ಜನ್ಯ ತಡೆ ಕಾಯಿದೆ 1989ರಲ್ಲಿ ಆಯಿತು. ಕಾಯಿದೆಗೆ ಕಣ್ಣು ಬೇಕಲ್ಲ, ಆ ಕಣ್ಣು ನಮ್ಮ ಕೈಲಿ ಇರಲಿ ಅಂತ.

ಆದರೆ ಫೋಟೋನೇ ಇಲ್ಲದ ತಾತಂದಿರಿಗೆ ಏನು ಮಾಡೋದು? ಒಬ್ಬ ಅಜ್ಜಿ ಬಂದು ‘ನಮ್ಮ ಯಜಮಾನ್ರನ್ನ ನನ್ನ ಪಕ್ಕ ಕೂರಿಸಿ ಒಂದು ಫೋಟೋ ಮಾಡ್ಕೊಡ್ರಪ್ಪಾ’ ಅಂದರು. ಎರಡು ನೆಗೆಟಿವ್ ಸೇರಿಸಿ ಗಂಡ ಹೆಂಡಿರನ್ನ ಜೋಡಿಸೋದು ನಮಗೆ ಗೊತ್ತಿತ್ತು. ಅವರ ಯಜಮಾನರದು ಒಂದು ಫೋಟೋನೂ ಇರಲಿಲ್ಲ. ‘ಅವರದು ಏನಾದ್ರೂ ಉಳಿದದೆಯಾ ಅಜ್ಜಿ?’ ಅಂದೆವು. ರಂಪಿಗೆ, ಉಳಿ ತಂದರು.

ಆಗ ಸೈಯನೋಟೈಪ್ ಮಾಡಿದೆವು. ಇಂಗ್ಲೆಂಡಿನ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ ಅದು. ಮರುವರ್ಷ ಅನ್ನಾ ಅಟ್ಕಿನ್ಸ್ ಎಂಬ ಹೆಣ್ಣುಮಗಳು ಸಮುದ್ರದ ಪಾಚಿಯನ್ನ ಕಾಗದದ ಮೇಲಿಟ್ಟು ಅದರಿಂದ ಪುಸ್ತಕ ಮಾಡತೊಡಗಿದಳು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ನೀರಲ್ಲಿ ಕರಗಿಸಿ, ಬೆರೆಸಿ, ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಮೇಲೆ ವಸ್ತು ಇಟ್ಟು ಬಿಸಿಲಿಗೆ ಹಿಡಿದು, ಬರೀ ನೀರಲ್ಲಿ ತೊಳೆದರೆ ಸಾಕು. ಕ್ಯಾಮೆರಾ ಬೇಡ, ಕರೆಂಟು ಬೇಡ. ಬಿಸಿಲು ತಾಗಿದ ಜಾಗ ಗಾಢ ನೀಲಿ, ವಸ್ತು ಕೂತಿದ್ದ ಜಾಗ ಬಿಳಿ. ನಮ್ಮ ಬಾವುಟದಂಥ ನೀಲಿಯ ನಡುವೆ ರಂಪಿಗೆಯೂ ಉಳಿಯೂ ಬೆಳ್ಳಗೆ ಎದ್ದು ಬಂದವು. ಅಜ್ಜಿ ರಂಪಿಗೆಯ ಹಿಡಿ ಸವೆದಿದ್ದ ಜಾಗದ ಮೇಲೆ ಬೆರಳಿಟ್ಟು, ‘ಇಲ್ಲೇ ಹಿಡೀತಿದ್ದದ್ದು’ ಅಂದರು. ಗೋಡೆಗೆ ಅದನ್ನೇ ಹಾಕಿಸಿದರು.

ಈಗ ಎಲ್ಲರ ಕೈಲೂ ಫೋನು. ಕೇರಿ ಹುಡುಗರೇ ಮೆರವಣಿಗೆ ತೆಗೀತಾರೆ, ಸಂತೋಷ. ಆದರೆ ಆ ಫೋನಿನೊಳಗೇ ಹಳೇ ಸ್ಟುಡಿಯೋ ಯಜಮಾನ ಕೂತಿದ್ದಾನೆ. ಬ್ಯೂಟಿ ಅಂತ ಒತ್ತಿದರೆ ಮೊಕ ಬೆಳ್ಳಗೆ, ನುಣ್ಣಗೆ. ಕೆಲವು ಫೋನು ಕೇಳದೆಯೇ ಮಾಡ್ತವೆ. ಅದನ್ನ ಆರಿಸಿ ಇಡಿ. ಧರಣಿಯ ಫೋಟೋ ಎಲ್ಲರಿಗೂ ಕಳಿಸೋ ಮುಂಚೆ ಅದರಲ್ಲಿರೋ ಕೂಲಿಯವರನ್ನ ಒಂದು ಮಾತು ಕೇಳಿ. ಪಟೇಲರ ಹತ್ತಿರವೂ ಫೋನಿದೆ.

ಹಳ್ಳಿ ಮೇಷ್ಟರುಗಳಿಗೆ ಒಂದು ಮಾತು. ಶಾಲೆಯ ಗ್ರೂಪ್ ಫೋಟೋದಲ್ಲಿ ಕೇರಿ ಮಕ್ಕಳು ಎಲ್ಲಿ ನಿಂತಿದ್ದಾರೆ ನೋಡಿ. ಕೊನೇ ಸಾಲಿನ ತುದಿಯಲ್ಲಿದ್ದರೆ ಈ ಸಲ ಮುಂದೆ ತನ್ನಿ. ವಿದ್ಯಾರ್ಥಿ ಗೆಳೆಯರಿಗೆ ಇನ್ನೊಂದು. ರಜಕ್ಕೆ ಊರಿಗೆ ಹೋದಾಗ ಮನೆಯ ಟ್ರಂಕಿನಲ್ಲಿರೋ ಫೋಟೋಗಳನ್ನೆಲ್ಲ ತೆಗೆದು, ಹಿರಿಯರನ್ನ ಕೂರಿಸಿಕೊಂಡು, ಇವರು ಯಾರು, ಯಾವೂರು, ಯಾವ ಇಸವಿ ಅಂತ ಕೇಳಿ ಹಿಂದುಗಡೆ ಬರೀರಿ. ಇಂಕಿನಲ್ಲಿ ಬರೆದರೆ ಮುಂದಕ್ಕೆ ಇಳಿದು ಮೊಕ ಕೆಡ್ತದೆ. ಪೆನ್ಸಿಲ್ಲಿನಲ್ಲಿ ಬರೀರಿ.