ಟೆನಿಸ್ ಎಂಬ ಕೂಗು

ನಮ್ಮ ಆಲೆಟ್ಟಿಯಲ್ಲಿ ‘ಟೆನಿಸ್’ ಎಂಬ ಶಬ್ದವನ್ನು ಕೇಳದ ಹುಡುಗನಿಲ್ಲ. ಟೆನಿಸ್ ಆಡಿದ ಹುಡುಗನನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಇದರಲ್ಲಿ ಒಗಟೇನೂ ಇಲ್ಲ. ಸುಳ್ಯದಿಂದ ಬಂದಡ್ಕಕ್ಕೆ ಹೋಗುವ ದಾರಿಯಲ್ಲಿ ಅಂಗಡಿಯ ಗೋಡೆಗಳಿಗೆ ಅಂಟಿಸುವ ಕ್ರಿಕೆಟ್ ಪಂದ್ಯಾಟದ ಪ್ರಕಟಣೆಗಳಲ್ಲಿ ಪ್ರವೇಶ ಶುಲ್ಕ, ಬಹುಮಾನಗಳ ಜೊತೆಗೆ ‘ಟೆನಿಸ್ ಬಾಲ್’ ಎಂಬ ಎರಡು ಮಾತು ಇರುತ್ತದೆ. ಮನೆಯಲ್ಲಾದರೆ ಅಡಿಕೆ ಒಣಗಿಸುವ ಅಂಗಳವೇ ಮೈದಾನ, ತೆಂಗಿನ ಕೊತ್ತಳಿಗೆಯೇ ದಾಂಡು, ಟೆನಿಸಿನ ಚೆಂಡೇ ಚೆಂಡು. ಅಂಗಳದ ಕೆಳಗೆ ತೋಟ, ತೋಟದ ನಡುವೆ ತೋಡು, ತೋಡಿನ ನೀರು ಪಯಸ್ವಿನಿಗೆ. ನಮ್ಮ ಮನೆಯೊಂದರಿಂದಲೇ ಎಷ್ಟು ಚೆಂಡುಗಳು ಆ ಹೊಳೆ ಹಿಡಿದು ಕಾಸರಗೋಡಿನ ಕಡಲನ್ನು ಸೇರಿವೆಯೋ!

ಹೀಗೆ ಆಟವಿಲ್ಲದೆ ಹೆಸರು ಮಾತ್ರ ನಮ್ಮಲ್ಲಿಗೆ ಬಂದುದರಿಂದಲೇ ಆ ಹೆಸರಿನ ವಿಚಾರ ನನಗೆ ಕುತೂಹಲಕರವಾಗಿ ತೋರಿತು. ಸಾಮಾನ್ಯವಾಗಿ ಆಟದ ಹೆಸರಿನಲ್ಲಿಯೇ ಆಟದ ಸಾಮಾನು ಕಾಣಿಸುತ್ತದೆ. ಕುಟ್ಟಿದೊಣ್ಣೆಯಲ್ಲಿ ಕುಟ್ಟಿಯೂ ಇದೆ, ದೊಣ್ಣೆಯೂ ಇದೆ. ಚೆನ್ನೆಮಣೆಯಲ್ಲಿ ಮಣೆ ಇದೆ. ಪೊಳಲಿಯ ಜಾತ್ರೆಯಲ್ಲಿ ನಡೆಯುವ ಆಟಕ್ಕೆ ‘ಪೊಳಲಿ ಚೆಂಡು’ ಎಂದೇ ಹೆಸರು. ಇಂಗ್ಲಿಷಿನ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳೂ ಈ ಜಾತಿಯವೇ. ‘ಟೆನಿಸ್’ ಮಾತ್ರ ಬಾಯಿ ಬಿಡುವುದಿಲ್ಲ. ಅದರಲ್ಲಿ ಬಲೆಯಿಲ್ಲ, ಚೆಂಡಿಲ್ಲ, ಹುಲ್ಲಿನ ಅಂಗಣವಿಲ್ಲ.

ಬಾಯಿ ಬಿಡದ ಶಬ್ದಕ್ಕೆ ಕತೆ ಕಟ್ಟುವವರು ಬಹಳ. ಈಜಿಪ್ಟಿನ ನೈಲ್ ನದಿಯ ಮುಖಜ ಭೂಮಿಯಲ್ಲಿ ತಿನ್ನೀಸ್ ಎಂಬ ಪಟ್ಟಣವೊಂದಿತ್ತು. ಅಲ್ಲಿಯ ನವುರಾದ ಬಟ್ಟೆ ಪ್ರಸಿದ್ಧವಾಗಿತ್ತು. ಆ ಬಟ್ಟೆಯಿಂದ ಚೆಂಡು, ಚೆಂಡಿನಿಂದ ಆಟದ ಹೆಸರು ಎಂದು ಕೆಲವರ ವಾದ. ಉಚ್ಚಾರ ಹತ್ತಿರವಾದ ಮಾತ್ರಕ್ಕೆ ನಂಟಸ್ತಿಕೆ ಕಟ್ಟುವ ಇಂಥ ವಾದ ನನಗೆ ರುಚಿಸದು. ಪಟ್ಟಣಕ್ಕೂ ಆಟಕ್ಕೂ ಗಂಟು ಹಾಕುವ ಒಂದು ದಾಖಲೆಯನ್ನೂ ಅವರು ತೋರಿಸುವುದಿಲ್ಲ.

ನಿಘಂಟುಕಾರರಲ್ಲಿ ಹೆಚ್ಚಿನವರು ಒಪ್ಪಿದ ಮಾತು ಬೇರೆಯೇ ಇದೆ. ಈ ಆಟ ಮಧ್ಯಯುಗದ ಫ್ರಾನ್ಸಿನದು. ಮೊದಲು ಅಂಗೈಯಿಂದಲೇ ಚೆಂಡನ್ನು ಹೊಡೆಯುತ್ತಿದ್ದರು. ಆದುದರಿಂದ ಫ್ರೆಂಚರು ಅದನ್ನು ‘ಪೋಮ್’, ಎಂದರೆ ಅಂಗೈ, ಎಂದು ಕರೆದರು. 1789ರ ಜೂನ್ 20ರಂದು ವರ್ಸೇಲ್ಸಿನಲ್ಲಿ ಜನಪ್ರತಿನಿಧಿಗಳು ಪ್ರತಿಜ್ಞೆ ಮಾಡಿದ್ದು ಇಂಥ ಒಂದು ಅಂಗೈಯಾಟದ ಮನೆಯಲ್ಲಿ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಆದರೆ ಹೊರಗಿನವರ ಕಿವಿಗೆ ಬಿದ್ದದ್ದು ಅಂಗೈಯ ಹೆಸರಲ್ಲ, ಆಟದ ನಡುವಿನ ಕೂಗು. ಚೆಂಡನ್ನು ಹೊಡೆಯುವವನು ಎದುರಾಳಿಗೆ ಎಚ್ಚರಿಕೆಯಾಗಿ ‘ತೆನೆತ್ಸ್!’ ಎನ್ನುತ್ತಿದ್ದನಂತೆ. ‘ಹಿಡಿಯಿರಿ’, ‘ತಗೊಳ್ಳಿ’ ಎಂದರ್ಥ. 1325ರಲ್ಲಿ ಫ್ರೆಂಚ್ ಸರದಾರರು ಇಟಲಿಯ ಫ್ಲಾರೆನ್ಸಿಗೆ ಬಂದಾಗ ಈ ಚೆಂಡಾಟ ಅಲ್ಲಿ ಮೊದಲಾಯಿತೆಂದು ಆ ಊರಿನ ದೊನಾತೊ ವೆಲ್ಲೂತಿ ತನ್ನ ವೃತ್ತಾಂತದಲ್ಲಿ ಬರೆದನು. ಆತ ಆಟಕ್ಕೆ ಕೊಟ್ಟ ಹೆಸರು ‘ತೆನೆಸ್’. ಸುಮಾರು 1400ರಲ್ಲಿ ಇಂಗ್ಲಿಷ್ ಕವಿ ಜಾನ್ ಗವರ್ ‘ತೆನೆತ್ಸ್’ ಎಂದೇ ಬರೆದನು. ಫ್ರೆಂಚಿನ ಹಳೆಯ ಬರಹಗಳಲ್ಲಿ ಆಟಗಾರನ ಬಾಯಲ್ಲಿ ಈ ಕೂಗು ಸಿಕ್ಕಿಲ್ಲ ಎಂಬುದೊಂದು ಕೊರತೆ ನಿಜ. ಆದರೆ ಮನೆಯವರು ತಮ್ಮ ಮಾತನ್ನು ಬರೆದಿಡುವುದೆಂದು? ಬರೆದಿಡುವವನು ಯಾವಾಗಲೂ ಅತಿಥಿಯೇ.

ಈ ವಿವರಣೆಯನ್ನು ಓದಿದಾಗ ನನಗೆ ಸ್ವಲ್ಪವೂ ಅನುಮಾನ ಬರಲಿಲ್ಲ. ಏಕೆಂದರೆ ಆ ಕೂಗು ನಮ್ಮ ತೋಟದಲ್ಲಿ ದಿನವೂ ಕೇಳುತ್ತದೆ. ಚೆಂಡು ಅಂಗಳದಿಂದ ಕೆಳಕ್ಕೆ ಹಾರಿದರೆ ತೋಟದಲ್ಲಿ ಅಡಿಕೆ ಹೆಕ್ಕುತ್ತಿರುವ ಅಜ್ಜಿ ಅದನ್ನೆತ್ತಿ ಮೇಲಕ್ಕೆ ಎಸೆಯುವರು. ಎಸೆಯುವ ಮೊದಲು ತುಳುವಿನಲ್ಲಿ ‘ಇಂದ!’ ಎನ್ನುವರು. ಕನ್ನಡದ ತೃತೀಯಾ ವಿಭಕ್ತಿಗೂ ಇದಕ್ಕೂ ಸಂಬಂಧವಿಲ್ಲ. ವ್ಯಾಕರಣದ ಉಪನ್ಯಾಸಕರು ಗಾಬರಿಯಾಗಬೇಕಾಗಿಲ್ಲ. ಈ ‘ಇಂದ’ ಎಂದರೆ ‘ಇಗೋ, ತಗೋ’ ಎಂದು. ನೆರೆಯ ಮಲಯಾಳದ ಮನೆಯಲ್ಲಿ ಇದೇ ಮಾತು ‘ಇನ್ನಾ’ ಆಗುತ್ತದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ತರುವಾಯ ಸಿಂಹಳದಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರ ಬಾಯಲ್ಲಿ ‘ಇಂದಾ’. ಮೂರು ಭಾಷೆಯ ಮೂವರು ಹೆಂಗಸರು ಮೂರು ಗುಡ್ಡಗಳಲ್ಲಿ ನಿಂತು ಒಂದೇ ಕೂಗನ್ನು ಹಾಕುವ ಸೀಮೆ ನಮ್ಮದು.

ಈ ಶಬ್ದದ ಸ್ವಭಾವವನ್ನು ಸ್ವಲ್ಪ ನೋಡಬೇಕು. ‘ನಿನ್ನೆ ಇಂದ’ ಎನ್ನಲಾಗದು, ‘ನಾಳೆ ಇಂದ’ ಎನ್ನಲೂ ಆಗದು. ಕೈಯಲ್ಲಿ ಏನೂ ಇಲ್ಲದೆ ಅದನ್ನು ಆಡುವಂತೆಯೇ ಇಲ್ಲ. ಕೊಡುವ ಕೈ ಮುಂದೆ ಚಾಚಿದಾಗ ಮಾತ್ರ ಅದು ಹುಟ್ಟುತ್ತದೆ. ಫ್ರೆಂಚರೂ ಇಂದಿಗೂ ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ, ಮನೆಯಲ್ಲಿ ತಟ್ಟೆ ದಾಟಿಸುವಾಗ ಅದೇ ಮಾತನ್ನಾಡುತ್ತಾರೆ. ಸಲಿಗೆಯವರಿಗೆ ‘ತ್ಯಾಂ’, ಗೌರವಕ್ಕೆ ಪಾತ್ರರಾದವರಿಗೆ ‘ತನೇ’. ನಮ್ಮ ‘ಇಗೋ’, ‘ಇಗೊಳ್ಳಿ’ಗಳಿದ್ದಂತೆ. ಆಟಕ್ಕೆ ಹೆಸರಾದದ್ದು ಇವುಗಳಲ್ಲಿ ಬಹುವಚನದ ರೂಪ ಎಂಬುದನ್ನು ಗಮನಿಸಬೇಕು. ಕೂಗು ಹೆಸರಾಗುವುದು ನಮ್ಮಲ್ಲಿಯೂ ಹೊಸದಲ್ಲ. ಬಿದ್ದ ಕಲ್ಲುಗಳನ್ನು ಮತ್ತೆ ಒಟ್ಟಿದೊಡನೆ ಮಕ್ಕಳು ‘ಲಗೋರಿ!’ ಎಂದು ಕೂಗುವುದಿಲ್ಲವೇ?

ಇನ್ನೊಂದು ಸೋಜಿಗವಿದೆ. ಹಳೆಯ ಫ್ರೆಂಚಿನ ‘ತೆನೆತ್ಸ್’ ಕಾಲಕ್ರಮದಲ್ಲಿ ಬಾಲ ಕಳೆದುಕೊಂಡು ‘ತನೇ’ ಆಯಿತು. ಕೊನೆಯ ಸಕಾರ ಫ್ರಾನ್ಸಿನಲ್ಲಿ ಸತ್ತಿತು, ಇಂಗ್ಲೆಂಡಿನಲ್ಲಿ ಬದುಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಲ್ಲಿನಂಗಣದ ಹೊಸ ಆಟದೊಡನೆ ‘ಟೆನಿಸ್’ ಫ್ರಾನ್ಸಿಗೆ ಮರಳಿದಾಗ, ಅಲ್ಲಿಯವರು ಅದನ್ನು ಇಂಗ್ಲಿಷ್ ಶಬ್ದವೆಂದೇ ಬರಮಾಡಿಕೊಂಡರು. ನಗುವ ಮೊದಲು ನಮ್ಮ ಮನೆಯನ್ನೇ ನೋಡೋಣ. ನಮ್ಮ ಅಡಿಕೆ, ಮಲಯಾಳದ ಅಡಕ್ಕ, ಪೋರ್ಚುಗೀಸರ ನಾಲಗೆಯಲ್ಲಿ ‘ಅರೆಕ’ವಾಗಿ ಯುರೋಪಿಗೆ ಹೋಯಿತು. ಈಗ ನಮ್ಮ ತೋಟದ ಹಾಳೆಯಿಂದ ಮಾಡಿದ ತಟ್ಟೆ ಪೇಟೆಯಲ್ಲಿ ‘ಅರೆಕಾ ಪ್ಲೇಟ್’ ಎಂದು ಮಾರಾಟವಾಗುತ್ತದೆ. ಮದುವೆಮನೆಯಲ್ಲಿ ಅದರ ಮೇಲೆ ಊಟ ಮಾಡುವ ನಾವೂ ಹಾಗೆಯೇ ಕರೆಯುತ್ತೇವೆ.

ಹುಲ್ಲಿನ ಟೆನಿಸಿನ ಕತೆ ಎಲ್ಲರಿಗೂ ಗೊತ್ತಿದ್ದುದೇ. ರಬ್ಬರಿನ ಚೆಂಡು ಬಂದ ಮೇಲೆ ಹುಲ್ಲಿನ ಮೇಲೂ ಅದು ಪುಟಿಯತೊಡಗಿತು. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಎಂಬಾತ ಆಟದ ಸಾಮಾನಿಗೆ ಹಕ್ಕುಪತ್ರ ಪಡೆದು, ಗ್ರೀಕಿನಿಂದ ‘ಸ್ಫೇರಿಸ್ಟಿಕೆ’ ಎಂಬ ಘನವಾದ ಹೆಸರನ್ನು ತಂದಿಟ್ಟನು. ಜನ ಅದನ್ನು ನಾಲಗೆಯ ಮೇಲೆ ಹೊರಲಾರದೆ ಕೆಳಗಿಳಿಸಿದರು. ಶಬ್ದಗಳನ್ನು ಟಂಕಿಸುವ ನಮ್ಮ ವಿದ್ವಾಂಸರು ಈ ಮೇಜರನನ್ನು ಆಗಾಗ ನೆನೆಯುವುದು ಒಳ್ಳೆಯದು. 1877ರಲ್ಲಿ ವಿಂಬಲ್ಡನ್ ಆರಂಭವಾಗುವಾಗ ಉಳಿದದ್ದು ಹಳೆಯ ಕೂಗೇ. ‘ಡ್ಯೂಸ್’ನಲ್ಲಿ ಫ್ರೆಂಚಿನ ‘ಎರಡು’ ಇದೆ. ಸೊನ್ನೆಗೆ ‘ಲವ್’ ಎನ್ನುವುದು ಫ್ರೆಂಚಿನ ಮೊಟ್ಟೆಯಿಂದ ಬಂತೆಂಬುದು ಮಾತ್ರ ತಿನ್ನೀಸಿನ ಬಟ್ಟೆಯ ಅಣ್ಣನಂಥ ಕತೆ.

2024ರ ಜನವರಿಯಲ್ಲಿ ಘಟ್ಟದ ಮೇಲಿನ ಕೊಡಗಿನವರಾದ ರೋಹನ್ ಬೋಪಣ್ಣನವರು 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ನರ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಸಂಪಾಜೆ ಘಾಟಿ ಹತ್ತಿದರೆ ಸಿಗುವ ಸೀಮೆಯವರೆಂಬ ಅಭಿಮಾನದಿಂದ ನಾನು ಆ ಆಟವನ್ನು ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆ. ಹೆಸರಿನ ಅರ್ಥವನ್ನೂ ಹೇಳಿದೆ. ಅಜ್ಜಿ ನಾಲ್ಕಾರು ಸರ್ವಿಸುಗಳನ್ನು ಸುಮ್ಮನೆ ನೋಡಿದರು.

“ಅಲ್ಲ ಮಗಾ, ತಗೊಳ್ಳಿ ಅಂತ ಹೇಳುವುದು, ಮತ್ತೆ ತಗೊಳ್ಳಲಿಕ್ಕೆ ಆಗದ ಹಾಗೆ ಹೊಡೆಯುವುದು. ಇದು ಎಂಥ ಮರ್ಯಾದೆ?”

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹಳೆಯ ಆಟದಲ್ಲಿದೆ. ಗೋಡೆಗಳ ನಡುವೆ ಆಡುವ ಆ ಟೆನಿಸಿನಲ್ಲಿ ಮೊದಲ ಹೊಡೆತದ ಚೆಂಡು ಬದಿಯ ಇಳಿಜಾರು ಮಾಡಿನ ಮೇಲೆ ಬಿದ್ದು, ಉರುಳಿ, ಆಮೇಲೆ ಎದುರಾಳಿಯ ಕಡೆ ಇಳಿಯಬೇಕು. ನಮ್ಮ ಹಂಚಿನ ಮಾಡಿಗೆ ಎಸೆದ ಚೆಂಡು ಗಡಗಡನೆ ಉರುಳಿ ಜಗಲಿಯ ಮುಂದೆ ಬೀಳುವ ಹಾಗೆ. ಅಂಥ ಹೊಡೆತಕ್ಕೆ ‘ತಗೊಳ್ಳಿ’ ಎಂಬ ಮಾತು ಒಪ್ಪುತ್ತದೆ. ಇದನ್ನು ಹೇಳಿದ ಮೇಲೆ ಅಜ್ಜಿ, “ಹಾಗಾದರೆ ಅಡ್ಡಿಯಿಲ್ಲ” ಎಂದು ಒಪ್ಪಿಕೊಂಡರು. ಫ್ರೆಂಚರ ಮಾನ ಉಳಿಯಿತು.

ಆದರೆ ‘ಇಂದ’ದ ಗತಿಯೇನು? ಬಾಸೆಲ್ ಮಿಶನ್ನಿನ ಮ್ಯಾನರ್ ಎಂಬವರು 1886ರಲ್ಲಿ ಮಂಗಳೂರಿನಲ್ಲಿ ತುಳು ಕೋಶವನ್ನು ಅಚ್ಚು ಹಾಕಿಸಿದರು. ಉಡುಪಿಯ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂತು. ಕೋಶಗಳು ಕಪಾಟಿನಲ್ಲಿ ಕ್ಷೇಮವಾಗಿವೆ. ನಮ್ಮ ಅಂಗಳದಲ್ಲಿ ಮಾತ್ರ ಆ ಕೂಗು ಅಜ್ಜಿಯೊಬ್ಬರದೇ ಆಗಿದೆ. ಆರನೆಯ ತರಗತಿಯಲ್ಲಿರುವ ತಮ್ಮ ಚೆಂಡನ್ನು ಎಸೆಯುವಾಗ ‘ಕ್ಯಾಚ್!’ ಎನ್ನುತ್ತಾನೆ. ಅದೂ ನಾರ್ಮನ್ ಫ್ರೆಂಚರ ಬಾಯಿಂದ ಇಂಗ್ಲಿಷಿಗೆ ಬಂದ ಶಬ್ದವೇ ಎಂದು ನಾನು ವಿವರಿಸಹೋದರೆ ಕೇಳುವ ವ್ಯವಧಾನ ಅವನಿಗಿಲ್ಲ. ಅಜ್ಜಿಗೆ ಉತ್ತರವನ್ನೂ ಅವನು ಕನ್ನಡದಲ್ಲಿಯೇ ಕೊಡುವುದು. ಆದರೂ ತೋಟದಿಂದ ‘ಇಂದ!’ ಕೇಳಿದೊಡನೆ ಅವನ ಎರಡು ಕೈಗಳೂ ತಾವಾಗಿ ಮೇಲೇಳುತ್ತವೆ.